ಅರ್ಧ ಸ್ವರ ಕೆಳಗೆ

‘ಜೋರಾಗಿ ಕೆಮ್ಮಿ,’ ಎಂದರು ಡಾಕ್ಟರಮ್ಮ.

ಮೊಣಕಾಲು ಮಡಚಿ ಮಲಗಿದ್ದ ಅವಳು ಕೆಮ್ಮಿದಳು. ಎಂದಿನಂತೆ ಅದು ಕೆಳಗಿಳಿಯಿತು. ಎರಡು ವರ್ಷದಿಂದ ಅವಳು ಅದನ್ನು ‘ಅದು’ ಎಂದೇ ಕರೆಯುತ್ತಿದ್ದಳು. ಹೇಳದೆ ಕೇಳದೆ ಬಂದು ಠಿಕಾಣಿ ಹೂಡಿದ ನೆಂಟನ ಹೆಸರು ಹೇಳಲು ಯಾರಿಗೆ ಮನಸ್ಸಾಗುತ್ತದೆ?

‘ಗರ್ಭಕೋಶ ಜಾರಿದೆ. ಕ್ಯಾನ್ಸರ್ ಅಲ್ಲ, ಹೆದರ್ಬೇಡಿ.’

ಅದನ್ನು ಹಿಡಿದಿಟ್ಟ ಸ್ನಾಯುಗಳು ಹೆರಿಗೆಯಲ್ಲಿ ಜಗ್ಗಿ, ಮುಟ್ಟು ನಿಂತ ಮೇಲೆ ಇನ್ನಷ್ಟು ಸಡಿಲವಾಗಿವೆ ಎಂದು ಡಾಕ್ಟರಮ್ಮ ಅಂಗೈಯನ್ನು ತೊಟ್ಟಿಲಿನಂತೆ ಬಾಗಿಸಿ ತೋರಿಸಿದರು. ಹೆತ್ತ ಹೆಂಗಸರಲ್ಲಿ ಎಷ್ಟೋ ಜನರಿಗೆ ಇದಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಎಂದರು. ಅವಳಿಗೆ ನಗು ಬಂತು. ಶಾಲೆಯಲ್ಲಿ ಹಾಡು ಕಲಿಸುವ ಅವಳು ಮಕ್ಕಳಿಗೆ ದಿನವಿಡೀ ಹೇಳುವುದು ಅದೊಂದನ್ನೇ: ಬಾಯಿ ಬಿಡಿ.

ಮೇಲಿನ ಸ್ವರಕ್ಕೆ ಹೊಟ್ಟೆಯಿಂದ ಉಸಿರು ಒತ್ತಬೇಕು. ಒತ್ತಿದರೆ ಅದು ಇಳಿಯುತ್ತಿತ್ತು. ಹಾಗಾಗಿ ಆ ಸ್ವರದ ಹತ್ತಿರ ಬಂದಾಗಲೆಲ್ಲ ಅವಳು ನಿಲ್ಲಿಸಿ, ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಕೊನೆಗೆ ಮನೆಯಲ್ಲಿ ಗಂಡನ ಪಿಯಾನೋದ ಜೊತೆ ಹಾಡುವುದನ್ನೇ ಬಿಟ್ಟಳು. ರಾತ್ರಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಗಂಡ ಬಿಸಿನೀರಿನ ಫ್ಲಾಸ್ಕು ತುಂಬಿಸಿ ಕೊಟ್ಟನೇ ಹೊರತು ಏನೂ ಕೇಳಲಿಲ್ಲ. ಅದನ್ನು ಮೊದಮೊದಲು ಮರ್ಯಾದೆ ಎಂದುಕೊಂಡಳು, ಆಮೇಲೆ ಉದಾಸೀನ ಎಂದುಕೊಂಡಳು.

ಡಾಕ್ಟರಮ್ಮ ಗರ್ಭಕೋಶವನ್ನು ಎತ್ತಿಹಿಡಿಯುವ ಮೆತ್ತನೆಯ ರಿಂಗೊಂದನ್ನು ಒಳಗೆ ಕೂರಿಸಿದರು. ಅವಳನ್ನು ನಡೆಸಿದರು, ಕೂರಿಸಿದರು, ಮತ್ತೆ ಕೆಮ್ಮಿಸಿದರು. ಅದು ಇಳಿಯಲಿಲ್ಲ. ವ್ಯಾಯಾಮ ಹೇಳಿಕೊಟ್ಟು, ಆಗಾಗ ಬಂದು ತೋರಿಸಬೇಕು, ಹಿಡಿಸದಿದ್ದರೆ ಆಪರೇಷನ್ ಇದೆ ಎಂದರು.

‘ಮೊದಲಿನ ಹಾಗೆ ಆಗುತ್ತಾ?’

‘ಹಾಗಂತ ಹೇಳಲ್ಲ. ಆದ್ರೆ ಹಾಡಿ, ಏನೂ ಆಗಲ್ಲ. ಮನೆಯವರಿಗೆ ಹೇಳಿದೀರಾ?’

‘ಹೇಳ್ತೀನಿ.’

ಬಸ್ಸಿನಲ್ಲಿ ಅವಳು ಪೂರ್ತಿ ಭಾರ ಬಿಟ್ಟು ಕೂತಳು. ಹೀಗೆ ಕೂತು ಎಷ್ಟು ಕಾಲವಾಗಿತ್ತು ಎಂದು ನೆನೆದು ಕಣ್ಣು ತುಂಬಿತು. ಇವತ್ತು ಅವನಿಗೆ ಹೇಳಿಬಿಡಬೇಕು. ಹೇಳದಿದ್ದರೆ ಇಬ್ಬರೂ ಹೀಗೇ ಬೆನ್ನು ತಿರುಗಿಸಿಕೊಂಡು ಮುದುಕರಾಗುತ್ತೇವೆ. ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಪಿಯಾನೋದ ಮುಂದೆ ನಿಂತು, ತಾನು ಯಾವಾಗಲೂ ನಿಲ್ಲಿಸುತ್ತಿದ್ದ ಆ ಸ್ವರವನ್ನು ಒತ್ತಿದಳು. ಅದು ಅರ್ಧ ಸ್ವರ ಕೆಳಗಿತ್ತು. ಪಕ್ಕದ್ದನ್ನು ಒತ್ತಿದಳು. ಅದೂ ಕೆಳಗಿತ್ತು. ಎಲ್ಲವೂ, ಒಂದೇ ಸಮನಾಗಿ. ಯಾರೂ ಮುಟ್ಟದೆ ಬಿಟ್ಟ ಪಿಯಾನೋದಲ್ಲಿ ಒಂದೊಂದು ತಂತಿ ಒಂದೊಂದು ದಿಕ್ಕು ಹಿಡಿಯುತ್ತದೆ. ಇದು ಹಾಗಲ್ಲ. ಯಾರೋ ಕೂತು, ತಂತಿ ತಂತಿಯನ್ನೂ ಅಳತೆ ನೋಡಿ ಸಡಿಲಿಸಿದ್ದರು.

ಊರವರ ಪಿಯಾನೋಗಳಿಗೆ ಶ್ರುತಿ ಮಾಡುವುದು ಅವಳ ಗಂಡನ ಕೆಲಸ. ಅವನು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ.

‘ಯಾವಾಗ ಮಾಡಿದ್ರಿ?’

‘ನೀನು ಸ್ಕೂಲಿಗೆ ಹೋದಾಗ. ಸ್ವಲ್ಪ ಸ್ವಲ್ಪ.’ ಅವನು ಅವಳ ಮುಖ ನೋಡಲಿಲ್ಲ. ‘ಮೇಲಿಂದು ಎಟುಕ್ತಿರ್ಲಿಲ್ವಲ್ಲ ನಿಂಗೆ. ವಯಸ್ಸಾಯ್ತು ಅಂತ ನೊಂದ್ಕೊಂಡಿದೀಯ ಅನ್ಕೊಂಡೆ. ಎಂದಾದ್ರೂ ಹಾಡಿದ್ರೆ ಎಟುಕಲಿ ಅಂತ.’

ಹೆಂಡತಿಯನ್ನು ಒಂದು ಮಾತು ಕೇಳುವುದಕ್ಕಿಂತ ಇಷ್ಟೂ ತಂತಿ ಇಳಿಸುವುದು ಇವನಿಗೆ ಸುಲಭವಾಗಿ ಕಂಡಿತ್ತು. ಅವಳಿಗೆ ಅವನ ಮೇಲೆ ತಡೆಯಲಾರದ ಅಕ್ಕರೆ ಬಂತು.

‘ಗಂಟಲಿಗೇನೂ ಆಗಿರ್ಲಿಲ್ಲ ಕಣ್ರೀ.’

‘ಮತ್ತೆ?’

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳನ್ನು ಬಿಟ್ಟು ಅವಳು ಪಿಯಾನೋದ ಕಡೆ ತಿರುಗಿದಳು. ಇದನ್ನ ಮತ್ತೆ ಮೇಲಕ್ಕೇರಿಸೋಕಾಗುತ್ತಾ ಎಂದು ಕೇಳಿದಳು.

‘ಏರಿಸ್ಬಹುದು. ಹಳೇ ತಂತಿ, ಒಂದೆರಡು ಹರಿದ್ರೂ ಹರೀಬಹುದು.’

‘ಇರ್ಲಿ ಬಿಡಿ. ನುಡಿಸಿ.’

ಅವನು ಕೂತು ನುಡಿಸಿದ. ಅವಳು ಬ್ಯಾಗು ಕೆಳಗಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟು ಹಾಡಿದಳು. ಆ ಸ್ವರ ಬಂದಾಗ ಹೊಟ್ಟೆಯಿಂದ ಉಸಿರು ಒತ್ತಿದಳು. ರಿಂಗು ಕದಲಲಿಲ್ಲ, ದನಿ ಸಲೀಸಾಗಿ ತಲುಪಿತು. ತಲುಪಿದ್ದು ಆ ಸ್ವರವಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಕೇಳುತ್ತಿದ್ದಳು. ಆಕೆಯ ಕಿವಿಗೆ ಎಲ್ಲೂ ಅಪಸ್ವರವಿರಲಿಲ್ಲ. ಒಂದೊಂದು ತಂತಿಯೂ ಪಕ್ಕದ ತಂತಿಯೊಂದಿಗೆ ಸರಿಯಾಗಿ ಹೊಂದಿಕೊಂಡಿತ್ತು. ಇಡೀ ಪಿಯಾನೋ ಮಾತ್ರ ಕೆಳಗೆ ಜಾರಿತ್ತು.