ಸಾವಂತ್ರೆವ್ವನ ಖಾನಾವಳಿ

"ಎಡಕ್ಕಲ್ಲ, ಬಲಕ್ಕ ತಿರುಗ್ರಿ," ಎಂದಳು ವನಿತಾ.

ಚಟ್ಟ ಹೊತ್ತವರು ಕೇರಿಯ ತಿರುವಿನಲ್ಲಿ ತಟ್ಟನೆ ನಿಂತರು. ಎಡಕ್ಕೆ ಸುಡುಗಾಡಿನ ದಾರಿ, ಬಲಕ್ಕೆ ಮುಂಡರಗಿಯ ಪೇಟೆ. ಚಟ್ಟದ ಮೇಲೆ ಅವಳ ತಾಯಿ ಸಾವಂತ್ರೆವ್ವ ಇಳಕಲ್ ಸೀರೆಯಲ್ಲಿ ಮಲಗಿದ್ದಳು.

"ಹುಚ್ಚಿ ಆಗಿಯೇನ?" ಸೋದರಮಾವ ದೇವಪ್ಪ ಅವಳ ರಟ್ಟೆ ಹಿಡಿದ. "ನಮ್ಮ ಕೇರಿ ಹೆಣ ಪ್ಯಾಟಿಯಾಗ ಯಾವತ್ತರ ಹೋಗ್ಯಾವೇನು?"

"ಹೋಗಿಲ್ಲ ಮಾವಾ. ಅವ್ವಂದ ಮೊದಲನೇದು."

ಟೆಂಪೊ ಓಡಿಸುವ ಮುಸ್ತಾಕ ಮುಂದಿನ ಗಳಕ್ಕೆ ಹೆಗಲು ಕೊಟ್ಟಿದ್ದ. ಅವನು ಯಾರ ಮುಖವನ್ನೂ ನೋಡದೆ ಬಲಕ್ಕೆ ಹೊರಳಿದ. ಹಿಂದಿನವರಿಗೆ ಹೊರಳದೆ ಗತಿಯಿರಲಿಲ್ಲ.

ಖಾನಾವಳಿಯ ಮುಂದೆ ಚಟ್ಟ ಇಳಿಸಿದರು. ಎದುರಿನ ಬಟ್ಟೆ ಅಂಗಡಿಯಿಂದ ವಿರೂಪಾಕ್ಷಪ್ಪ ಧೋತರದ ಚುಂಗು ಹಿಡಿದು ಧಾವಿಸಿ ಬಂದ.

"ಏ ವನಿತಾ, ವ್ಯಾಪಾರದ ಹೊತ್ತಿನ್ಯಾಗ ಇದೇನಿದು? ಹಿಂದಿನ ರಸ್ತೆ ಇಲ್ಲೇನು ನಿಮಗ?"

"ಐತ್ರಿ ಸಾವ್ಕಾರ್ರ. ಆದ್ರ ಇಪ್ಪತ್ತೆರಡು ವರ್ಷ ಆಕಿ ಇಲ್ಲೇ ನಿಂತು ಮಂದಿಗೆ ಉಣಿಸ್ಯಾಳ. ಹತ್ತು ನಿಮಿಷ ಇಲ್ಲೇ ಮಲಗತಾಳ. ನಿಮಗ ನೋಡಾಕ ಆಗದಿದ್ರ ಒಳಗ ಹೋಗ್ರಿ."

ವನಿತಾ ಚಟ್ಟದ ಪಕ್ಕ ಕುಳಿತು ಅವ್ವನ ಸೆರಗು ಸರಿಮಾಡಿದಳು.

*

ಗಂಡ ತೀರಿದ ವರ್ಷ ಸಾವಂತ್ರೆವ್ವ ಈ ಜಾಗ ಬಾಡಿಗೆಗೆ ಹಿಡಿದಾಗ ವನಿತಾಳಿಗೆ ಒಂಬತ್ತು. ಬೋರ್ಡು ಬರೆಯಲು ಬಂದವನು, "ಯಾವುದರ ದೇವರ ಹೆಸರು ಇಡ್ರಿ ಯಕ್ಕಾ. ಯಾರದು ಅಂತ ಮಂದಿಗೆ ತಿಳಿಯಂಗಿಲ್ಲ," ಎಂದಿದ್ದ.

"ತಿಳೀಲಿ ಅಂತನ ಬರಸಾಕತ್ತೇನಿ. ಸಾವಂತ್ರೆವ್ವನ ಖಾನಾವಳಿ. ದಪ್ಪಗ ಬರಿ."

ಕೇರಿಯವಳ ಕೈಯಡುಗೆ ಎಂದು ಹನ್ನೊಂದು ದಿನ ಯಾರೂ ಹೊಸಿಲು ದಾಟಲಿಲ್ಲ. ಅವಳು ದಿನಾ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಮಧ್ಯಾಹ್ನ ಬಾಗಿಲ ನಡುವೆ ಚಾಪೆ ಹಾಸಿ, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಇಡೀ ಪೇಟೆಗೆ ಕಾಣುವಂತೆ ಉಂಡಳು. ವನಿತಾ ನಾಚಿ ತಲೆ ತಗ್ಗಿಸಿದರೆ ಗದ್ದ ಹಿಡಿದು ಎತ್ತುತ್ತಿದ್ದಳು.

"ಕದ್ದದ್ದಲ್ಲ ಇದು. ಮ್ಯಾಗ ನೋಡಿ ಉಣ್ಣು."

ಹನ್ನೆರಡನೆಯ ದಿನ ಸಿಂಗಟಾಲೂರಿನ ಟೆಂಪೊ ನಿಲ್ಲಿಸಿ ಮುಸ್ತಾಕ ಒಳಗೆ ಬಂದ. ಹಸಿದಿದ್ದ, ಬೋರ್ಡು ಓದುವ ವ್ಯವಧಾನವೂ ಅವನಿಗಿರಲಿಲ್ಲ. ಮರುದಿನ ಮೂವರನ್ನು ಕರೆತಂದ.

*

ಮಣ್ಣು ಕೊಟ್ಟು ಹಿಂತಿರುಗುವಾಗ ಹೊತ್ತು ಇಳಿದಿತ್ತು. ಹಮಾಲರು, ಟೆಂಪೊದವರು, ಕಾಯಿಪಲ್ಲೆ ಮಾರುವ ಹೆಂಗಸರು, ಎಲ್ಲರೂ ಬೆಳಗಿನಿಂದ ಹಸಿದವರು. ವನಿತಾ ಖಾನಾವಳಿಯ ಬೀಗ ತೆಗೆದಳು.

"ಮೂರು ದಿನ ಒಲಿ ಹಚ್ಚಂಗಿಲ್ಲವಾ. ಮೈಲಿಗಿ," ಎಂದ ದೇವಪ್ಪ.

"ಆ ಮಾತು ಕೇಳಿ ಕೇಳಿ ಅವ್ವನ ಜೀವ ಸವದೈತಿ ಮಾವಾ. ಅದನ್ನ ನಾ ಈ ಬಾಗಲದೊಳಗ ಬಿಡಂಗಿಲ್ಲ."

ದೇವಪ್ಪ ತಾನೇ ಬೆಂಚುಗಳನ್ನು ಎಳೆದು ಸಾಲಾಗಿ ಹಾಕತೊಡಗಿದ.

ಎರಡನೆಯ ಪಂಕ್ತಿ ಕೂಡುವಾಗ ವಿರೂಪಾಕ್ಷಪ್ಪನ ಹೆಂಡತಿ ಶಾರದವ್ವ ರಸ್ತೆ ದಾಟಿ ಬಂದಳು. ಬಂದವಳು ಹಮಾಲರ ಬೆಂಚಿನ ತುದಿಗೆ ಕುಳಿತುಬಿಟ್ಟಳು. ಬಡಿಸುತ್ತಿದ್ದ ವನಿತಾಳ ಕೈ ನಿಂತಿತು.

"ಅವ್ವಾರ... ಸಾವ್ಕಾರ್ರು ನೋಡಾಕತ್ಯಾರ."

"ನೋಡ್ಲಿ. ನಾ ಹಾಸಿಗಿ ಹಿಡದಾಗ ಎರಡು ವರ್ಷ ಅವರು ಇಲ್ಲಿಂದನ ರೊಟ್ಟಿ ತರಸ್ಯಾರ, ಹಿತ್ತಲ ಬಾಗಲಿಂದ. ಯಾರಿಗೂ ಹೇಳಬ್ಯಾಡ ಅಂತ ನಿಮ್ಮವ್ವನ ಕಡಿಂದ ಆಣಿ ತಗೊಂಡಿದ್ರು. ಬ್ಯಾನಿಯಾಕಿ ಉಣ್ಲಿ ಅಂತ ಆಕಿ ಸುಮ್ಮನಿದ್ಲು. ನಾ ಯಾಕ ಸುಮ್ಮನಿರ್ಲಿ?"

ದನಿ ಬೀದಿಯವರೆಗೂ ಕೇಳಿಸಿತು. ಎದುರಿನ ಅಂಗಡಿಯ ಷಟರ್ ಕರಕರನೆ ಅರ್ಧಕ್ಕೆ ಇಳಿದು ನಿಂತಿತು.

ಶಾರದವ್ವ ಹೊರಳಿ ನೋಡಲಿಲ್ಲ. ರೊಟ್ಟಿ ಮುರಿದು ಪಲ್ಯದಲ್ಲಿ ಒತ್ತಿ ಬಾಯಿಗಿಟ್ಟಳು. ಅಗಿದು ನುಂಗಿ, "ಇನ್ನೊಂಚೂರು ಕೆಂಪ ಚಟ್ನಿ ಹಾಕವಾ," ಎಂದು ತಟ್ಟೆಯನ್ನು ಮುಂದಕ್ಕೆ ಸರಿಸಿದಳು.