ಎಂಟು ಚೀಲ ಕೆಂಪು ಮರಳು

ಡಾಟಿಯ ಮೂಗು ಮತ್ತೆ ಕಿತ್ತುಹೋಗಿರುವುದನ್ನು ನರೆಲ್ ನೋಡಿದ್ದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನೀರಿನ ಬಟ್ಟಲು ತೊಳೆದಿಡುವಾಗ. ಅವಳು ನೋಡಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅವಳ ಗಂಡ ವಾರಿಕ್ ಕೂಡ ನೋಡಿಯಾಗಿತ್ತು. ಅವನಿದ್ದದ್ದು ಏಳು ತಾಸಿನ ಹಾದಿಯಾಚೆ, ಪಶ್ಚಿಮದ ತಾಮ್ರದ ಗಣಿಯಲ್ಲಿ. ಆದರೆ ಚಾರ್ಟರ್ಸ್ ಟವರ್ಸ್‌ನ ಈ ಮನೆಯ ನಡುಕೋಣೆಯಲ್ಲಿ, ಹಾವಿನ ಗಾಜಿನ ಪೆಟ್ಟಿಗೆಯ ಎದುರಿಗೆ, ಅವನ ಪರವಾಗಿ ಒಂದು ಪುಟ್ಟ ಕ್ಯಾಮೆರಾ ಕುಳಿತಿತ್ತು.

"ಅದರ ಮೂಗಿಗೆ ಏನ್ ಮಾಡಿದೀಯ?" ಎಂದಿತು ಕ್ಯಾಮೆರಾ, ಅವನ ದನಿಯಲ್ಲಿ.

ನರೆಲ್ ಏನೂ ಮಾಡಿರಲಿಲ್ಲ. ಡಾಟಿ ಕರಿತಲೆಯ ಹೆಬ್ಬಾವು. ಒಂದು ಮೀಟರಿಗಿಂತ ತುಸು ಉದ್ದ, ಮೈತುಂಬ ಕಂದು ಪಟ್ಟೆ, ತಲೆ ಮಾತ್ರ ಮಸಿಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ಈ ಜಾತಿಯ ಹಾವಿಗೆ ತಲೆಯಿಂದ ಮಣ್ಣು ಅಗೆದು ಒಳಗೆ ಸೇರಿಕೊಳ್ಳುವುದೇ ಬದುಕು. ವಾರಿಕ್ ಹಾಸಿಸಿದ್ದು ದಿನಪತ್ರಿಕೆ. ಕಾಗದದ ಮೇಲಾದರೆ ಹಾವು ಸದಾ ಕಣ್ಣಿಗೆ ಬೀಳುತ್ತದೆ, ಅದಕ್ಕೆ. ಡಾಟಿ ದಿನವಿಡೀ ಆ ಕಾಗದವನ್ನು ಅಗೆಯುತ್ತಿದ್ದಳು, ಅಡಿಯ ಗಾಜು ಮೂಗಿಗೆ ತಾಗುತ್ತಿತ್ತು, ಮತ್ತೆ ಅಗೆಯುತ್ತಿದ್ದಳು. ಮೂಗು ಉಳಿಯುವುದಾದರೂ ಹೇಗೆ?

ಕ್ಯಾಮೆರಾ ಇಟ್ಟದ್ದು ಹಾವಿಗೋಸ್ಕರ ಎಂದು ವಾರಿಕ್ ಊರಿಗೆಲ್ಲ ಹೇಳಿದ್ದ. ಹದಿನಾಲ್ಕು ದಿನ ಗಣಿ, ಏಳು ದಿನ ಮನೆ. ಪಾಪ, ಮುದ್ದಿನ ಹಾವನ್ನು ಬಿಟ್ಟಿರಲಾರ ಎಂದು ಜನ ನಕ್ಕರು. ನಗುವವರಿಗೇನು, ಆ ಕೋಣೆಯಲ್ಲಿ ಅವರು ಒಂದು ದಿನವೂ ಇರಬೇಕಾಗಿರಲಿಲ್ಲ. ಕ್ಯಾಮೆರಾ ಆಗಿನದನ್ನು ಆಗ ತೋರಿಸುತ್ತಿತ್ತೇ ಹೊರತು ಏನನ್ನೂ ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ನೆಲದಡಿ ಇಳಿದ ವಾರಿಕ್ ಹತ್ತಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ ಮೇಲೆ ಬರುತ್ತಿದ್ದ. ಬಂದ ಕೂಡಲೇ ನೋಡುತ್ತಿದ್ದ. ಕಾಗದ ಬದಲಾಗಿರಬೇಕು, ಬಟ್ಟಲು ತುಂಬಿರಬೇಕು, ಹಾವು ಕಾಣಬೇಕು, ಕೂಗಿದರೆ ಹೆಂಡತಿ ಎದುರಿಗೆ ಬರಬೇಕು. ನಡುವೆ ನರೆಲ್‌ಗೆ ಸಿಗುತ್ತಿದ್ದದ್ದು ನಾಲ್ಕು ಗಂಟೆ. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ನಾಲ್ಕು ಗಂಟೆಯಲ್ಲಿ ಯಾರೂ ಎಲ್ಲಿಗೂ ತಲುಪುವುದಿಲ್ಲ.

ಹೋದ ಜುಲೈನಲ್ಲಿ ಅವಳು ಒಮ್ಮೆ ಕಾಲಿಗೆ ಬುದ್ಧಿ ಹೇಳಿದ್ದಳು. ಬಂಡಬರ್ಗ್‌ನ ತಂಗಿಯ ಮನೆಗೆ ಬಸ್ಸು ಹತ್ತಿದ್ದಳು. ಹತ್ತು ಗಂಟೆಗೆ ವಾರಿಕ್ ಮೇಲೆ ಬಂದು ನೋಡಿದರೆ ಕಾಗದ ಹಿಂದಿನ ದಿನದ್ದೇ. ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ತಂಗಿಯ ಗೇಟಿನ ಮುಂದೆ ಮಾಂಸದ ಪೈ ತಿನ್ನುತ್ತ ನಿಂತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ, ಕಾರಿನ ಬಾಗಿಲು ತೆರೆದು ಹಿಡಿದ ಅಷ್ಟೇ. ಹತ್ತಿ ಕುಳಿತವಳು ಅವಳೇ. ಅದನ್ನು ನೆನೆದರೆ ಇವತ್ತಿಗೂ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟುತ್ತದೆ. ಮನೆಗೆ ಬಂದು ನೋಡಿದರೆ, ಅವನು ಹೋಗುವ ದಾರಿಯಲ್ಲಿ ಮನೆ ಹೊಕ್ಕು ಪೆಟ್ಟಿಗೆಗೆ ಬಿಸಿ ಕೊಡುವ ದೀಪ ಆರಿಸಿ ಹೋಗಿದ್ದ. ಆ ಸೀಮೆಗೆ ಜುಲೈ ಚಳಿಗಾಲ; ಎರಡು ದಿನ ಬಿಸಿಯಿಲ್ಲದೆ ಡಾಟಿ ಹಗ್ಗದ ತುಂಡಾಗಿ ಬಿದ್ದಿದ್ದಳು. "ಬಿಟ್ಟು ಹೋದೆಯಲ್ಲ, ನೋಡು" ಎಂದಿದ್ದ ವಾರಿಕ್. ಮದುವೆಯ ಹೊಸದರಲ್ಲಿ ಹಾವೆಂದರೆ ಕುರ್ಚಿ ಹತ್ತುತ್ತಿದ್ದ ನರೆಲ್, ಅವತ್ತು ಡಾಟಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಸಂಜೆಯವರೆಗೆ ಕುಳಿತಿದ್ದಳು. ಹೋದರೆ ಇವಳನ್ನೂ ಕರೆದುಕೊಂಡೇ ಹೋಗಬೇಕು ಎಂದು ಅವಳು ನಿಶ್ಚಯಿಸಿದ್ದು ಆಗ.

ಹೋಗುವ ಜಾಗವೂ ಈಗ ಒಂದಿತ್ತು. ದನಕರುಗಳ ಮೇವು, ಸಾಕುಪ್ರಾಣಿಗಳ ಸಾಮಾನು ಮಾರುವ ಬೆವ್ ಎಂಬ ಅರವತ್ತು ದಾಟಿದ ಹೆಂಗಸು ತಾನಾಗಿಯೇ ಹೇಳಿದ್ದಳು. ಅವಳ ಅಣ್ಣನ ಮಗಳಿಗೆ ರಾಕ್‌ಹ್ಯಾಂಪ್ಟನ್ನಿನ ಆಚೆ ಅನಾನಸ್ ತೋಟವಿದೆ, ವಾರಿಕ್‌ಗೆ ಅವಳ ಹೆಸರೂ ಗೊತ್ತಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಬೆವ್ ಸರಕು ತರಲು ಟೌನ್ಸ್‌ವಿಲ್‌ಗೆ ಹೋಗುತ್ತಾಳೆ, ಗಾಡಿಯಲ್ಲಿ ಪಕ್ಕದ ಸೀಟು ಖಾಲಿ. ಅಲ್ಲಿಂದ ಮುಂದೆ ಬಸ್ಸು, ರಾತ್ರಿಯ ಊಟಕ್ಕೆ ತೋಟ. ಬೇಕಾದದ್ದು ಒಂದೇ ಒಂದು ಹಗಲು. ಆ ಹಗಲು ವಾರಿಕ್‌ಗೆ ತಿಳಿಯಬಾರದು. ಕಾಗದ ಹಾಸಿದ ಪೆಟ್ಟಿಗೆಯಿಂದ ಹಾವು ಮಾಯವಾದರೆ ತಿಳಿಯದಿರುವುದು ಹೇಗೆ ಎಂದು ನರೆಲ್ ಆರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು.

ಕಿತ್ತ ಮೂಗನ್ನು ನೋಡಿದ ವಾರಿಕ್ ಅಪ್ಪಣೆ ಕೊಡಿಸಿದ. ಕಾಗದ ಸಾಕು, ಬೇರೆ ಹಾಸು ತರಬೇಕು. ನಾಳೆ ಎರಡು ಗಂಟೆಗೆ ಅವಳು ಬೆವ್‌ಳ ಅಂಗಡಿಯಲ್ಲಿರಬೇಕು, ಒಂದೊಂದರ ಫೋಟೋ ಕಳಿಸಬೇಕು. ಆರಿಸುವವನು ತಾನು.

ಮಂಗಳವಾರ ಅವಳು ಅರ್ಧ ಗಂಟೆ ಮೊದಲೇ ಹೋದಳು. ಬೆವ್ ಮಾರುವ ಆಸೆಯೇ ಇಲ್ಲದವಳ ಹಾಗೆ ಒಂದೊಂದಾಗಿ ತೋರಿಸಿದಳು. ಪ್ಲಾಸ್ಟಿಕ್ ಹುಲ್ಲಿನ ಹಾಸು: ತೊಳೆಯಲು ಸುಲಭ, ಆದರೆ ಅಗೆಯುವ ಹಾವಿಗೆ ಮತ್ತೆ ಮೂಗಿಗೇ ಪೆಟ್ಟು. ಹಳೆ ಕಾಗದ ಅರೆದು ಮಾಡಿದ ಗುಳಿಗೆಗಳು, ಬೆಕ್ಕಿನ ಕಕ್ಕಸಿಗೆ ಹಾಕುವಂಥವು: ಅಗ್ಗ, ವಾಸನೆ ಹೀರುತ್ತದೆ, ಹಾವು ಅರ್ಧ ಮುಚ್ಚಿಹೋಗುತ್ತದೆ, ಅರ್ಧ ಕಾಣುತ್ತದೆ. ತೆಂಗಿನ ನಾರಿನ ಪುಡಿ: ಒದ್ದೆ ಹಿಡಿದರೆ ಈ ಒಣನಾಡಿನ ಹಾವಿಗೆ ಕೆಮ್ಮು ಬರುತ್ತದೆ. ಕೊನೆಗೆ ಮೂಲೆಯಲ್ಲಿದ್ದ ಚೀಲವೊಂದನ್ನು ಕಾಲಿನಿಂದ ಒದ್ದಳು. ಒಳನಾಡಿನ ಕೆಂಪು ಮರಳು, ಸ್ವಲ್ಪ ಜೇಡಿ ಬೆರೆಸಿದ್ದು.

"ಕರಿತಲೆಗೆ ನಿಜವಾಗಿ ಬೇಕಾಗಿದ್ದು ಇದು ಕಣೇ" ಎಂದಳು ಬೆವ್. "ಒಂದು ಗೇಣು ದಪ್ಪ ಹಾಕ್ಬೇಕು. ಆದ್ರೆ ಜನ ತಗೊಳಲ್ಲ. ಒಳಗೆ ಹೋದ್ರೆ ವಾರಗಟ್ಟಲೆ ಮುಖ ತೋರ್ಸಲ್ಲ. ಕಾಸು ಕೊಟ್ಟು ಮಣ್ಣು ನೋಡ್ಕೊಂಡು ಕೂತಿದೀವಿ ಅಂತ ಫೋನ್ ಮಾಡಿ ನನಗೇ ಬೈತಾರೆ."

ನರೆಲ್ ಚೀಲದ ಬಾಯೊಳಗೆ ಕೈ ಇಟ್ಟಿದ್ದವಳು ಹಾಗೆಯೇ ನಿಂತಳು. ಮುಂಗೈವರೆಗೆ ಮರಳು, ಕೈ ಕಾಣುತ್ತಿರಲಿಲ್ಲ. ಬೆವ್ ಅವಳ ಮುಖ ನೋಡಿದಳು, ಕೈ ನೋಡಿದಳು, ಗಲ್ಲಾದ ಹಿಂದೆ ಹೋಗಿ ಕುಳಿತಳು.

ಇದು ಬೇಕು ಎಂದು ವಾರಿಕ್‌ಗೆ ಹೇಳುವಂತಿರಲಿಲ್ಲ. ನರೆಲ್‌ಗೆ ಬೇಕಾದದ್ದು, ಮದುವೆಯಾದ ಈ ಒಂಬತ್ತು ವರ್ಷದಲ್ಲಿ, ಒಂದು ಪರದೆಯೂ ಆ ಮನೆಗೆ ಬಂದದ್ದಿಲ್ಲ. ನಾಲ್ಕರ ಫೋಟೋಗಳನ್ನೂ ಕಳಿಸಿದಳು, ಮರಳಿನದನ್ನು ಕೊನೆಗೆ; ಎರಡು ಗಂಟೆಗೆ ಫೋನು ಬಂತು. ಅವಳ ಕೈಲಿದ್ದದ್ದು ಅವನದೇ ಹಳೆಯ ಫೋನು. ಅವಳು ದಿನವಿಡೀ ಹಿಡಿದು ಕೂರಬಾರದೆಂದು ಅದರಿಂದ ಎಲ್ಲವನ್ನೂ ಕಿತ್ತುಹಾಕಿದ್ದ. ಕರೆ, ಫೋಟೋ ಬಿಟ್ಟರೆ ಅದಕ್ಕೆ ಏನೂ ಬರುತ್ತಿರಲಿಲ್ಲ, ತಾನು ಎಲ್ಲಿದ್ದೇನೆಂದು ಹೇಳುವುದಕ್ಕೂ.

ಹುಲ್ಲಿನ ಹಾಸು ತನಗೆ ಹಿಡಿಸಿದೆ, ತೊಳೆದು ಒಣಹಾಕಿದರೆ ಮುಗಿಯಿತು ಎಂದಳು. ಹಾಸು ಹಾವಿಗೋ ನಿನಗೋ ಎಂದು ಅವನು ಕೇಳಿದ. ಹಾಗಾದರೆ ಗುಳಿಗೆ ಇರಲಿ, ಬೆವ್ ಕೂಡ ಒಳ್ಳೆಯದು ಅಂತಾಳೆ ಎಂದಳು. ಕೋಳಿಗೆ ಕಾಳು ಮಾರುವವಳಿಗೆ ಹಾವಿನ ವಿಷಯ ಏನು ಗೊತ್ತು ಎಂದು ನಕ್ಕ. ಆ ಕೊನೆಯ ಫೋಟೋದಲ್ಲಿರುವುದು ಏನು?

"ಅದು ಮರಳು. ಅದು ಬೇಡ ವಾರಿಕ್" ಎಂದಳು ನರೆಲ್. "ಎಂಟು ಚೀಲ ಬೇಕಂತೆ. ನನ್ನ ಸೊಂಟ ಬಿದ್ದುಹೋಗುತ್ತೆ. ಮೇಲಾಗಿ ಅವಳು ಒಳಗೇ ಇದ್ಬಿಡ್ತಾಳೆ, ಇದಾಳೋ ಸತ್ತಳೋ ನನಗೆ ಹೇಗೆ ಗೊತ್ತಾಗ್ಬೇಕು? ನನಗೆ ಭಯ."

ಹೆಚ್ಚು ಹೇಳಿಬಿಟ್ಟೆನೇನೋ ಎಂದು ನರೆಲ್ ತುಟಿ ಕಚ್ಚಿಕೊಂಡಳು.

"ಎಂಟು ಚೀಲ ತಗೋ" ಎಂದ ವಾರಿಕ್. "ಇದಾಳೋ ಇಲ್ವೋ ಅಂತ ನೋಡೋಕೆ ನಾನಿದೀನಿ. ನೀನು ಹೊರು, ಸಾಕು."

ಬೆವ್ ಚೀಲಗಳನ್ನು ಮನೆಯವರೆಗೆ ತಂದು ಇಳಿಸಿಕೊಟ್ಟಳು, ಗುರುವಾರ ಆರು ದಾಟಿದ ಮೇಲೆ ಗಾಡಿ ತರುತ್ತೇನೆ ಎಂದು ಹೊಸ್ತಿಲಲ್ಲೇ ಹೇಳಿ ಹೋದಳು. ಸಂಜೆ ಆರಕ್ಕೆ ವಾರಿಕ್ ನೋಡುತ್ತಿದ್ದಂತೆ ನರೆಲ್ ಕಾಗದ ತೆಗೆದು ಮರಳು ಸುರಿದಳು. ಬಲಗಡೆ ಇನ್ನಷ್ಟು, ಮೂಲೆಯಲ್ಲಿ ಇಳಿಜಾರು, ಮರದ ತುಂಡಿನ ಸುತ್ತ ಒತ್ತು ಎಂದು ಕ್ಯಾಮೆರಾ ಹೇಳುತ್ತ ಹೋಯಿತು. ಬೆನ್ನು ಸೀಳುತ್ತಿದ್ದರೂ ಅವಳು ಹೇಳಿದಲ್ಲೆಲ್ಲ ಸುರಿದು ಒತ್ತುತ್ತ ಹೋದಳು. ದಿಂಬಿನ ಚೀಲದಲ್ಲಿ ಕಟ್ಟಿಟ್ಟಿದ್ದ ಡಾಟಿಯನ್ನು ಬಿಟ್ಟಾಗ ಹಾವು ಒಮ್ಮೆ ನಾಲಿಗೆ ಚಾಚಿ ನೋಡಿತು. ಆಮೇಲೆ ಕರಿತಲೆಯನ್ನು ಮರಳಿಗೆ ಇಟ್ಟು, ಕೊಕ್ಕೆಯಾಗಿ ಬಗ್ಗಿಸಿ ಎಳೆಯಿತು, ಮತ್ತೆ ಇಟ್ಟಿತು. ಒಂದು ಗಂಟೆಯೊಳಗೆ ಬಾಲವೂ ಒಳಗೆ ಹೋಯಿತು. ಇಷ್ಟು ದಿನ ಆ ಪ್ರಾಣಿ ಕೇಳುತ್ತಿದ್ದದ್ದು ಇಷ್ಟೇ.

ಹೊಸ ಹಾಸು, ಹಾವು ಬೆದರಿರುತ್ತದೆ, ಐದು ದಿನ ಮುಚ್ಚಳ ತೆಗೆಯಕೂಡದು, ಕೋಣೆಯಲ್ಲಿ ಓಡಾಡಲೂಕೂಡದು ಎಂದ ವಾರಿಕ್. ನೀರು ಎಂದು ಅವಳು ಕೇಳಿದ್ದಕ್ಕೆ, "ಐದು ದಿನ ಅಂದೆ. ಎಣಿಸೋಕೆ ಬರುತ್ತಲ್ಲ?" ಎಂದ. ಬರುತ್ತದೆ ಎಂದಳು.

ಬುಧವಾರ ಎಂಬ ದಿನ ಅವಳ ಆಯುಸ್ಸಿನಲ್ಲೇ ಉದ್ದವಾದದ್ದು. ಅಡುಗೆಮನೆಯಲ್ಲಿ ಕುಳಿತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು, ತಿನ್ನಲಿಲ್ಲ. ಬಟ್ಟೆ ಕಟ್ಟಿಕೊಂಡರೆ ಕಪಾಟು ಖಾಲಿಯಾದದ್ದು ಹೇಗೋ ಕಂಡೀತು ಎನ್ನಿಸಿತು; ಕಪಾಟಿರುವುದು ಬೇರೆ ಕೋಣೆಯಲ್ಲಿ, ಅಲ್ಲಿ ಕ್ಯಾಮೆರಾ ಇಲ್ಲ, ಆದರೂ ಅನ್ನಿಸಿತು. ಮೂರು ಸಲವೂ ಅವನು ಫೋನು ಮಾಡಿದ, ಮೂರು ಸಲವೂ ಕೋಣೆಗೆ ಹೋಗಿಲ್ಲ ಎಂದು ಅವಳು ನಿಜವನ್ನೇ ಹೇಳಿದಳು. ಸಂಜೆಯ ಹೊತ್ತಿಗೆ ಹೋಗುವುದೇ ಬೇಡ ಎಂದೂ ತೋರಿತು. ಎಲ್ಲಿಗೆ ಹೋದರೂ ಇವನಿಗೆ ಕಾಣದಿರುವುದಿಲ್ಲ.

ಗುರುವಾರ ಆರು ಹೊಡೆದು ಐದು ನಿಮಿಷಕ್ಕೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ವಾರಿಕ್ ನೆಲದಡಿ ಇಳಿದಿರುತ್ತಾನೆ. ಮರದ ತುಂಡಿನ ಕೆಳಗೆ ಕೈ ಹಾಕಿದಳು, ಡಾಟಿ ಇಲ್ಲ. ಇಳಿಜಾರಿನ ಮೂಲೆಯಲ್ಲಿಲ್ಲ. ಬಟ್ಟಲಿನ ಅಡಿಯಲ್ಲಿಲ್ಲ. ಅವನಿಗೆ ಕಾಣದಿರಲೆಂದು ತಂದ ಮರಳು ಈಗ ಅವಳಿಗೂ ತೋರಿಸುತ್ತಿರಲಿಲ್ಲ. ಹೊರಗೆ ಬೆವ್‌ಳ ಗಾಡಿ ಬಂದು ನಿಂತ ಸದ್ದಾಯಿತು. ಹಾವನ್ನು ಬಿಟ್ಟು ಬಾ ಎಂದು ಬೆವ್ ಕಿಟಕಿಯಿಂದ ಮೆಲ್ಲಗೆ ಹೇಳಿದಳು, ಬಸ್ಸು ಕಾಯುವುದಿಲ್ಲ. ನರೆಲ್ ಇನ್ನೂ ಆಳಕ್ಕೆ ಕೈ ಹಾಕಿದಳು. ಭುಜದವರೆಗೆ ಮರಳಾಗಿ, ಬೆವರಾಗಿ, ಕೊನೆಗೆ ಹಿಂದಿನ ಗಾಜಿಗೆ ಒತ್ತಿದ ಬೆರಳಿಗೆ ತಣ್ಣನೆಯ ಬಳುಕು ತಾಗಿದಾಗ ಅವಳಿಗೆ ಅಳುವೇ ಬಂತು. ಹಾವನ್ನು ದಿಂಬಿನ ಚೀಲಕ್ಕಿಳಿಸಿ ಗಂಟು ಹಾಕಿದಳು. ಆಮೇಲೆ ಬೆವ್ ಗೊಣಗುತ್ತಿದ್ದರೂ ಕೇಳದೆ, ಮೂಲೆಯ ಇಳಿಜಾರು, ಬಲದ ದಿಣ್ಣೆ, ಮರದ ತುಂಡಿನ ಸುತ್ತಲ ಒತ್ತು, ಎಲ್ಲವನ್ನೂ ಅವನು ಹೇಳಿದಂತೆಯೇ ಸರಿಮಾಡಿದಳು. ಒಂಬತ್ತು ವರ್ಷ ಹೇಳಿಸಿಕೊಂಡ ಕೈ, ತಪ್ಪಲಿಲ್ಲ.

ಹತ್ತು ಗಂಟೆಗೆ ಫೋನು ಬಂದಾಗ ಬಸ್ಸು ಏರ್ ಎಂಬ ಊರನ್ನು ದಾಟಿ ಕಬ್ಬಿನ ಗದ್ದೆಗಳ ನಡುವೆ ಹೋಗುತ್ತಿತ್ತು. ನರೆಲ್ ಕಿಟಕಿಗೆ ಒತ್ತಿ ಕುಳಿತಿದ್ದಳು, ಮಡಿಲಲ್ಲಿ ಸ್ವೆಟರು, ಅದರಡಿ ದಿಂಬಿನ ಚೀಲ. ಎತ್ತದಿದ್ದರೆ ಅನುಮಾನ, ಎತ್ತಿದರೆ ಬಸ್ಸಿನ ಸದ್ದು. ಎತ್ತಿದಳು.

ಅದೇನು ಗುಂಯ್‌ಗುಡುತ್ತಿದೆ ಎಂದು ಕೇಳಿದ. ಬಟ್ಟೆ ಒಗೆಯುವ ಯಂತ್ರ ಎಂದಳು. ಕೋಣೆಗೆ ಹೋಗಿದ್ದೆಯಾ ಎಂದ. ಇಲ್ಲ ಎಂದಳು.

"ಹೋಗ್ಬೇಡ. ಈಗ ನೋಡ್ತಾ ಇದೀನಿ" ಎಂದ ವಾರಿಕ್. "ಮರದ ತುಂಡಿನ ಪಕ್ಕ ತಲೆ ಹೊರಗೆ ಹಾಕಿದಾಳೆ. ನನ್ನನ್ನೇ ನೋಡ್ತಿದಾಳೆ."

ನರೆಲ್‌ಳ ಕೈ ತಟ್ಟನೆ ಸ್ವೆಟರಿನಡಿ ಹೋಯಿತು. ಬಿಟ್ಟು ಬಂದೆ, ಹಾವನ್ನು ಅಲ್ಲೇ ಬಿಟ್ಟು ಬಂದೆ ಎಂದೇ ಅವಳು ಆ ಕ್ಷಣ ನಂಬಿದಳು. ಬೆಳಿಗ್ಗೆಯಿಂದ ಡಾಟಿಯ ಭಾರ ತೊಡೆಯ ಮೇಲಿತ್ತು, ಆದರೂ ಅವನು ಹೇಳಿದ ಕೂಡಲೇ ಆ ಭಾರ ಸುಳ್ಳಾಗಿಬಿಟ್ಟಿತ್ತು. ಗಂಟು ಸಡಿಲಿಸಿ ಬೆರಳು ಒಳಗೆ ತೂರಿಸಿದಳು. ಡಾಟಿ ಅಲ್ಲೇ ಇದ್ದಳು. ಬೆಚ್ಚಗೆ, ಸುರುಳಿಯಾಗಿ, ಬೆರಳಿನ ಸುತ್ತ ನಿಧಾನವಾಗಿ ಬಿಗಿದುಕೊಂಡಳು.

ಮನೆಯ ಪೆಟ್ಟಿಗೆಯಲ್ಲಿ ಮರಳು ಬಿಟ್ಟು ಏನೂ ಇರಲಿಲ್ಲ. ಅವನು ಮರಳು ನೋಡುತ್ತಿದ್ದ. ಹಾಗಾದರೆ ಅವಳು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದಳೆಂದು, ಹಾಲಿನ ಅಂಗಡಿಗೆ ಯಾವ ದಾರಿಯಲ್ಲಿ ಹೋದಳೆಂದು, ಮನಸ್ಸಿನಲ್ಲಿ ಏನಂದುಕೊಂಡಳೆಂದು ಅವನು ಹೇಳಿದ್ದೆಲ್ಲ? ನೋಡಿದೆ, ನನಗೆ ಗೊತ್ತು ಎಂದದ್ದೆಲ್ಲ? ಅವನು ಹೇಳುತ್ತಿದ್ದ, ಅವಳು ಒಪ್ಪುತ್ತಿದ್ದಳು.

"ಮೂಗು ಹೇಗಿದೆ?" ಎಂದು ಕೇಳಿದಳು.

ಚೆನ್ನಾಗಿ ಮಾಯುತ್ತಿದೆ, ಹಕ್ಕಳೆ ಉದುರಿದೆ, ಹೊಸ ಚರ್ಮ ಬಂದಿದೆ ಎಂದು ಅವನು ವಿವರವಾಗಿ ಹೇಳಿದ. ಮರಳೇ ಸರಿ ಎಂದು ತನಗೆ ಮೊದಲೇ ಗೊತ್ತಿತ್ತಂತೆ. ನರೆಲ್ ಕಬ್ಬಿನ ಗದ್ದೆ ನೋಡುತ್ತ ಕೊನೆಯವರೆಗೂ ಕೇಳಿಸಿಕೊಂಡಳು. ಅವನು ಮಾತಾಡುವಾಗ ಹೆದರದೆ ಕೇಳಿದ್ದು ಅದೇ ಮೊದಲು.

"ಸರಿ, ನೋಡ್ತಾ ಇರು" ಎಂದು ಹೇಳಿ ಅವಳೇ ಫೋನು ಇಟ್ಟಳು.