ತಿದ್ದಕ್ಕನ ರಜೆಯ ಕಾರಣ

ತಪ್ಪು ಪದ ಕಿವಿಗೆ ಬಿದ್ದರೆ ಅವಳ ಎಡಹುಬ್ಬು ಮೇಲೇರುತ್ತಿತ್ತು. ಮಾತಾಡುವವರು ಯಜಮಾನರಾಗಲಿ, ಸಂತಾಪ ಹೇಳಲು ಬಂದ ನೆಂಟರಾಗಲಿ, ಹುಬ್ಬಿಗೆ ಆ ಭೇದವಿರಲಿಲ್ಲ; ಅವರ ವಾಕ್ಯ ಮುಗಿಯುವ ತನಕ ಕಾದು, ಕೆಳಗೆ ಬಿದ್ದ ಕರವಸ್ತ್ರವನ್ನು ಎತ್ತಿಕೊಡುವಷ್ಟು ಮೆಲ್ಲಗೆ, ಸರಿಯಾದ ಪದವನ್ನು ಅವರ ಮುಂದಿಡುತ್ತಿದ್ದಳು. ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು. ಅಕ್ಷರ ಜೋಡಿಸುವವರಿಂದ ಹಿಡಿದು ಬೈಂಡಿಂಗಿನವರವರೆಗೆ ಎಲ್ಲರಿಗೂ ಅವಳು ತಿದ್ದಕ್ಕ.

ತೀರಿಹೋದ ತಂದೆಯ ಬೂದುಬಣ್ಣದ ಕೋಟನ್ನು ಬಿಸಿಲಲ್ಲೂ ತೊಡುತ್ತಿದ್ದಳು. ಅದರ ಬಲಜೇಬಿನಲ್ಲಿ ಕೆಂಪು ಪೆನ್ಸಿಲು. ನಡೆಯುವಾಗ ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದಳು, ಸಾಲಿನ ಮೇಲೆ ಬೆರಳಿಟ್ಟು ಓದುವವರ ಹಾಗೆ.

ಅಂಥವಳಿಗೆ ಒಂದು ವರ್ಷ ತಪ್ಪುಗಳು ಕಾಣುವುದೇ ನಿಂತುಹೋಯಿತು. ಬೆಳಿಗ್ಗೆ ಕೋಟಿನ ಒಂದು ತೋಳಿಗೆ ಕೈ ತೂರಿಸಿ, ಇನ್ನೊಂದು ತೋಳಿನವರೆಗೆ ಹೋಗಲಾರದೆ, ಮಂಚದ ಅಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತಿದ್ದಳು. ಒಂದಾದ ಮೇಲೊಂದರಂತೆ ನಾಲ್ಕು ಔಷಧಿ ಬದಲಾಯಿಸಿದ್ದಾಯಿತು, ಯಾವುದೂ ಹತ್ತಲಿಲ್ಲ. ಕೊನೆಗೆ ವೈದ್ಯರು, ಅಯಸ್ಕಾಂತದ ಮಿಡಿತಗಳಿಂದ ಮಿದುಳಿನ ಒಂದು ಭಾಗವನ್ನು ಎಚ್ಚರಿಸುವ ಚಿಕಿತ್ಸೆಯಿದೆ, ನೋಡೋಣ ಎಂದರು.

ಅವಳು ಅಣ್ಣನ ಮನೆಯಲ್ಲಿದ್ದಳು. ಅಣ್ಣ ಹೆದರಿದ.

"ತಲೆಗೆ ಏನೇನೋ ಕೊಡಿಸಿದ್ರೆ ನಾಳೆ ಜನ ಏನಂತಾರೆ?"

ಉತ್ತರ ಬಂದದ್ದು ಅತ್ತಿಗೆಯಿಂದ. "ಜನ ಏನಂತಾರೋ ಅದನ್ನ ಜನಾನೇ ಅನ್ಲಿ. ನೀವ್ಯಾಕೆ ಮುಂಚೇನೇ ಅಭ್ಯಾಸ ಮಾಡ್ತೀರಿ?" ಎಂದು ಹೇಳಿ, ನಾದಿನಿಯ ಕೋಟಿನ ಎರಡನೆಯ ತೋಳನ್ನು ತಾನೇ ತೊಡಿಸಿ, ಕರೆದುಕೊಂಡು ಹೊರಟಳು.

ಮೊದಲ ದಿನ ತಲೆಯ ಮೇಲೆ ತಂತಿಸುರುಳಿಯನ್ನು ಅತ್ತಿತ್ತ ಸರಿಸಿ, ಅವಳ ಬಲ ಹೆಬ್ಬೆರಳು ತಾನಾಗಿ ಜಿಗಿಯುವ ಜಾಗ ಹುಡುಕಿದರು. ಮಿಡಿತ ಎಷ್ಟು ಬಲವಾಗಿರಬೇಕೆಂಬ ಅಳತೆ ಅದರಿಂದಲೇ. ಆಮೇಲೆ ಹಣೆಯ ಎಡಗಡೆ ಮರಕುಟಿಗನ ಹಾಗೆ ಟಕಟಕ, ವಾರಕ್ಕೆ ಐದು ದಿನ, ಆರು ವಾರ. ಪ್ರಜ್ಞೆ ತಪ್ಪಿಸುವುದಿಲ್ಲ, ನಡೆದು ಹೋಗಿ ನಡೆದು ಬರುವುದು. ಮೂರು ವಾರ ನೆತ್ತಿ ನೊಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ನಾಲ್ಕನೆಯ ವಾರದ ಬುಧವಾರ, ಅವಳು ದಿನವೂ ಕೂರುವ ಕುರ್ಚಿಯ ಎದುರಿಗೆ 'ಶಬ್ಧ ಮಾಡಬೇಡಿ' ಎಂಬ ಫಲಕ ಕಾಣಿಸಿತು.

"ಯಾರಮ್ಮ ಇದರ ಹೊಟ್ಟೆ ಸೀಳಿದ್ದು?"

ಯಂತ್ರ ನೋಡಿಕೊಳ್ಳುವವಳು ಗಾಬರಿಯಾದಳು. "ಯಾರ ಹೊಟ್ಟೆ ಅಕ್ಕಾ?"

"ಆ ಒತ್ತಕ್ಷರದ್ದು. ಶಬ್ದಕ್ಕೆ ಹೊಟ್ಟೆ ಸೀಳ್ಬಾರದು. ಮೂರು ವಾರದಿಂದ ಇದರ ಎದುರಿಗೇ ಕೂತಿದೀನಿ, ನೋಡು."

ಹೊರಗೆ ಕಾಯುತ್ತಿದ್ದ ಅತ್ತಿಗೆಗೆ ಅದು ಕೇಳಿಸಿತು. ಓದುತ್ತಿದ್ದ ಪತ್ರಿಕೆಯನ್ನು ಮುಖಕ್ಕೆ ಹಿಡಿದವಳು ಬಹಳ ಹೊತ್ತು ಇಳಿಸಲಿಲ್ಲ.

ಕೆಲಸಕ್ಕೆ ಹಿಂದಿರುಗಿದ ದಿನ ಯಜಮಾನರು ಅವಳ ರಜೆಚೀಟಿಯನ್ನು ತಾವೇ ತುಂಬಿಟ್ಟಿದ್ದರು. ಕಾರಣ: ಕಣ್ಣಿನ ಚಿಕಿತ್ಸೆ.

"ಸುಮ್ನೆ ಸಹಿ ಹಾಕಮ್ಮ. ನಿಜ ಬರೆದ್ರೆ ಪಾಲುದಾರರು ನಿನ್ನ ಕುರ್ಚಿಗೆ ಬೇರೆಯವರನ್ನ ತರ್ತಾರೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅವರು ಒಳ್ಳೆಯವರು, ಒಳ್ಳೆಯದಕ್ಕೇ ಹೇಳಿದ್ದರು. ಕಿಟಕಿಯ ಬಳಿಯ ಆ ಕುರ್ಚಿ ಬಿಟ್ಟರೆ ನಲವತ್ತಾರರ ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆದರೂ ಹುಬ್ಬು ಏರಿತು. ಕೆಂಪು ಪೆನ್ಸಿಲಿನಿಂದ 'ಕಣ್ಣಿನ ಚಿಕಿತ್ಸೆ'ಯನ್ನು ಹೊಡೆದುಹಾಕಿ, ಅಂಚಿನಲ್ಲಿ ದುಂಡಗೆ ಬರೆದಳು: 'ತೀವ್ರ ಖಿನ್ನತೆ. ಮಿದುಳಿಗೆ ಪ್ರಚೋದನೆಯ ಚಿಕಿತ್ಸೆ.'

"ಕರಡು ತಿದ್ದೋಳಿಗೆ ಕಣ್ಣೇ ಕೆಟ್ಟಿತ್ತು ಅಂತ ಬರೆದ್ರೆ ಕುರ್ಚಿ ಇನ್ನೂ ಬೇಗ ಹೋಗುತ್ತೆ ಸಾರ್. ಅಲ್ದೆ ತಿಂಗಳಿಗೆ ಎರಡು ಮಂಗಳವಾರ ಮತ್ತೆ ಹೋಗ್ಬೇಕು. ಎಷ್ಟು ಸಲ ಕಣ್ಣು ಅನ್ಲಿ?"

ಪಾಲುದಾರರು ವಾರವಿಡೀ ಗುಸುಗುಸು ಮಾಡಿ ಅವಳನ್ನು ಕರೆಸಿದರು. ಅವರಲ್ಲಿ ಹಿರಿಯರೊಬ್ಬರು, "ಇನ್ನು ಮುಂದೆ ಈ ಕಾಯಿಲೆ ಬರಲ್ಲ ಅಂತ ಬರೆದುಕೊಡ್ತೀಯೇನಮ್ಮ?" ಎಂದರು.

"ಬರಬಹುದು. ಬಂದ್ರೆ ಮತ್ತೆ ಚಿಕಿತ್ಸೆಗೆ ಹೋಗ್ತೀನಿ. ಬೇಕಾದ್ರೆ ಅದನ್ನ ಬರೆದುಕೊಡ್ತೀನಿ."

ಅದನ್ನೇ ಬರೆಸಿಕೊಂಡು, ಮೂರು ತಿಂಗಳು ನೋಡೋಣವೆಂದರು. ಮೂರು ತಿಂಗಳು ಕಳೆಯಿತು. ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ. ವರ್ಷದೊಳಗೆ, ಯಾರೊಂದಿಗೂ ಹೆಚ್ಚು ಮಾತಾಡದ ಬೈಂಡಿಂಗಿನ ಹಿರಿಯನೊಬ್ಬ ತನ್ನ ರಜೆಚೀಟಿಯಲ್ಲಿ 'ಹೊಟ್ಟೆನೋವು' ಎಂದು ಬರೆದು, ಅದನ್ನು ತಾನೇ ಹೊಡೆದು, 'ಮನಸ್ಸಿಗೆ' ಎಂದಷ್ಟೇ ಬರೆದ.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ನಾವೆಲ್ಲ ನಮ್ಮ ನಾಚಿಕೆಗೊಂದು ಮೆತ್ತನೆಯ ಹೆಸರಿಟ್ಟು ನೆಮ್ಮದಿಯಾಗಿರುವಾಗ ಇವರು ಬಂದು ಅದನ್ನು ಅಳಿಸಿಬಿಡುತ್ತಾರೆ. ಗುಣವಾಯಿತೆಂದು ಎದೆ ತಟ್ಟಿಕೊಳ್ಳುವುದಿಲ್ಲ, ಕಾಯಿಲೆಯಿತ್ತೆಂದು ತಲೆ ತಗ್ಗಿಸುವುದೂ ಇಲ್ಲ. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಂಗಳವಾರ ಬಂದರೆ ಎಲ್ಲರೂ ನೋಡುತ್ತಿರುವಂತೆಯೇ ಎದ್ದು ಹೊರಡುತ್ತಾರೆ.